ಪಟ್ಟಿಯಿಂದ ಕೈಬಿಟ್ಟ ನೀಲವ್ವನ ರಕ್ತ

ಕೋವಿಡ್‌ ಗದ್ದಲವೆಲ್ಲ ಮುಗಿದು ಎರಡನೇ ಮುಂಗಾರಿನ ಹೊತ್ತಿಗೆ ನನ್ನನ್ನು ರೋಣಕ್ಕೆ ಹಾಕಿದರು. ದುಡಿಯುವ ಜಾಗ, ಉಸಿರಾಡುವ ಗಾಳಿ, ಮುಟ್ಟುವ ರಾಸಾಯನಿಕ ಇವುಗಳಿಂದ ಮನುಷ್ಯನ ಮೈಗೆ ಏನಾಗುತ್ತದೆ ಎಂದು ನೋಡುವ ಸಂಶೋಧನಾ ಸಂಸ್ಥೆಯೊಂದರಲ್ಲಿ ನಾನು ಜೀವರಸಾಯನ ವಿಭಾಗದ ಹಿರಿಯ ಸಂಶೋಧಕಿಯಾಗಿದ್ದೆ. ನಿವೃತ್ತಿಗೆ ಬಹಳ ದಿನ ಉಳಿದಿರಲಿಲ್ಲ. ಹುಟ್ಟಿದ್ದು ನರಗುಂದದಲ್ಲಿ, ಆದ್ದರಿಂದ "ನಿಮ್ಮ ಕಡೆಯ ಊರೇ ಅಲ್ಲವೇ, ಆರಾಮಾಗಿ ಇದ್ದು ಬನ್ನಿ" ಎಂದು ಮುಖ್ಯಸ್ಥರು ಉಪಕಾರ ಮಾಡಿದವರಂತೆ ಹೇಳಿದರು. ರೋಣದ ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು, ಒಂದರಲ್ಲಿ ಫ್ರೀಜರ್, ಸೆಂಟ್ರಿಫ್ಯೂಜ್ ಮತ್ತು ಒಂದು ಪರೀಕ್ಷಾ ಯಂತ್ರವನ್ನು ಇಟ್ಟೆವು. ಇನ್ನೊಂದರಲ್ಲಿ ಫಾರ್ಮುಗಳ ಗಂಟುಗಳಿದ್ದವು, ನಡುವೆ ನಾನಿದ್ದೆ.

ಯೋಜನೆ ಸರಳವಾಗಿತ್ತು. ಹತ್ತಿಗೆ, ಮೆಣಸಿನ ಗಿಡಕ್ಕೆ ಕೀಟನಾಶಕ ಹೊಡೆಯುವ ಕೂಲಿಯವರ ರಕ್ತವನ್ನು ಹಂಗಾಮಿಗೆ ಮೊದಲು ಒಮ್ಮೆ, ಹಂಗಾಮು ಮುಗಿಯುವಾಗ ಇನ್ನೊಮ್ಮೆ ತೆಗೆದು, ಎಷ್ಟು ವ್ಯತ್ಯಾಸವಾಗಿದೆ ಎಂದು ನೋಡುವುದು. ಕೀಟನಾಶಕಗಳಲ್ಲಿ ಆರ್ಗನೋಫಾಸ್ಫೇಟ್ ಎಂಬ ಒಂದು ಗುಂಪಿದೆ. ನಮ್ಮ ನರಗಳು ಸ್ನಾಯುವಿಗೆ ಕೆಲಸ ಹೇಳುವಾಗ ಒಂದು ರಸವನ್ನು ಬಿಡುತ್ತವೆ. ಕೆಲಸ ಆದಮೇಲೆ ಆ ರಸವನ್ನು ನಿಲ್ಲಿಸುವುದು ಕೋಲಿನೆಸ್ಟರೇಸ್ ಎಂಬ ಕಿಣ್ವ. ಅದನ್ನು ನಲ್ಲಿಯನ್ನು ತಿರುಗಿಸಿ ನೀರು ನಿಲ್ಲಿಸುವ ಕೈ ಅಂದುಕೊಳ್ಳಿ. ಆರ್ಗನೋಫಾಸ್ಫೇಟ್ ಮೈಗೆ ಹೋದರೆ ಆ ಕೈಯನ್ನೇ ಕಟ್ಟಿಹಾಕುತ್ತದೆ. ಆಗ ಬಾಯಲ್ಲಿ ನೀರೂರುತ್ತದೆ, ಕಣ್ಣು ಮಂಜಾಗುತ್ತದೆ, ಬೆವರು ಬರುತ್ತದೆ, ಹೊಟ್ಟೆ ನುಲಿಯುತ್ತದೆ. ರಕ್ತದಲ್ಲಿ ಈ ಕಿಣ್ವ ಎಷ್ಟು ಕಡಿಮೆಯಾಗಿದೆ ಎಂದು ಅಳೆದರೆ ವಿಷ ಎಷ್ಟು ಒಳಗೆ ಹೋಗಿದೆ ಎಂದು ಅಂದಾಜು ಸಿಗುತ್ತದೆ.

ಕೀಟನಾಶಕ ಹೊಡೆಯುವವರು ಸುಲಭವಾಗಿ ಸಿಕ್ಕರು. ಬೆಳವಣಕಿ ದೊಡ್ಡ ಊರು, ಸುತ್ತಲೂ ಎರೆಭೂಮಿ. ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಲಕ್ಕೆ ಇಳಿಯುವ ಗಂಡಸರು ಓಣಿಗೊಬ್ಬರಂತೆ ಇದ್ದರು. ಆದರೆ ಇಂಥ ಅಧ್ಯಯನಕ್ಕೆ ಇನ್ನೊಂದು ಗುಂಪೂ ಬೇಕು. ಅದೇ ಜಿಲ್ಲೆಯ ಜನ, ಅದೇ ರೊಟ್ಟಿ ತಿನ್ನುವವರು, ಆದರೆ ಕೀಟನಾಶಕದ ಹತ್ತಿರ ಹೋಗದವರು. ಅವರಿಗೆ ಕಂಟ್ರೋಲ್ ಗುಂಪು ಎನ್ನುತ್ತೇವೆ. ಅವರ ರಕ್ತದ ಮಟ್ಟವನ್ನು ಹಿಡಿದುಕೊಂಡೇ ಹೊಲದವರದ್ದನ್ನು ತೂಗುವುದು. ಗಜೇಂದ್ರಗಡದ ಕೈಮಗ್ಗದ ನೇಕಾರರನ್ನು ತೆಗೆದುಕೊಳ್ಳೋಣ ಎಂದು ಸೂಚಿಸಿದವಳು ನಾನೇ. ಜಮೀನಿಲ್ಲ, ದಿನವಿಡೀ ಮನೆಯೊಳಗೆ ಮಗ್ಗದಲ್ಲೇ ಇರುತ್ತಾರೆ, ಇದಕ್ಕಿಂತ ಶುದ್ಧವಾದ ಕಂಟ್ರೋಲ್ ಎಲ್ಲಿ ಸಿಗುತ್ತದೆ? ಪ್ರಶ್ನಾವಳಿ ಬರೆದವಳೂ ನಾನೇ. ಹದಿನಾರನೇ ಪ್ರಶ್ನೆ: "ನಿಮಗೆ ಜಮೀನು ಇದೆಯೇ, ಅಥವಾ ಹೊಲದ ಕೂಲಿಗೆ ಹೋಗುತ್ತೀರಾ?" ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: "ಇಲ್ಲವಾದರೆ 24ನೇ ಪ್ರಶ್ನೆಗೆ ಹೋಗಿ." ನಡುವಿನ ಏಳು ಪ್ರಶ್ನೆಗಳೂ ಕೀಟನಾಶಕದ ಮೇಲೆಯೇ ಇದ್ದವು. ಸಮಯ ಉಳಿಯಿತು ಎಂದು ಆ ಸಾಲಿನ ಬಗ್ಗೆ ನನಗೆ ಆಗ ಸ್ವಲ್ಪ ಹೆಮ್ಮೆಯೇ ಇತ್ತು.

ಜೂನ್ ತಿಂಗಳಲ್ಲಿ ಮೊದಲ ಸುತ್ತು ಶುರುವಾಯಿತು. ನನ್ನ ಜೊತೆ ರಕ್ತ ತೆಗೆಯಲು ಬರುತ್ತಿದ್ದವನು ಫಕೀರಪ್ಪ. ರೋಣದವನೇ, ಲ್ಯಾಬ್ ಟೆಕ್ನಿಷಿಯನ್, ಸೂಜಿ ಹಿಡಿದರೆ ಕೈ ನಡುಗದು, ಮಾತು ಹಿಡಿದರೆ ನಿಲ್ಲದು. ಗಜೇಂದ್ರಗಡದಲ್ಲಿ ಗುಡ್ಡದ ಕೆಳಗಿನ ಒಂದು ಓಣಿಗೆ ಹೋದಾಗ ಅವನು ನಾಲ್ಕು ಮನೆಯ ರಕ್ತ ತೆಗೆಯುವಷ್ಟರಲ್ಲಿ ನಲವತ್ತು ಮನೆಯ ಸುದ್ದಿ ಸಂಗ್ರಹಿಸಿರುತ್ತಿದ್ದ.

ನೀಲವ್ವನನ್ನು ನಾವು ಕಂಡಿದ್ದು ಆ ಓಣಿಯಲ್ಲೇ. ನಲವತ್ತರ ಆಸುಪಾಸಿನ ಹೆಂಗಸು. ಗಂಡ ಹುಬ್ಬಳ್ಳಿಯಲ್ಲಿ ಒಂದು ಖಾನಾವಳಿಯಲ್ಲಿ ಅಡುಗೆ ಮಾಡುತ್ತಿದ್ದ, ಹಬ್ಬಕ್ಕೆ ಬರುತ್ತಿದ್ದ. ಮನೆಯಲ್ಲಿ ಇವಳೂ ಅತ್ತೆಯೂ ಇಬ್ಬರೇ. ಅತ್ತೆ ರಾಟಿಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದರು, ಅಂದರೆ ಅಡ್ಡ ನೂಲನ್ನು ಸಣ್ಣ ಕಡ್ಡಿಗೆ ಸುತ್ತಿ ಲಾಳಿಗೆ ಸಿದ್ಧ ಮಾಡುವುದು. ನೀಲವ್ವ ಕುಣಿಮಗ್ಗದಲ್ಲಿ, ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಹಲಗೆ ತುಳಿಯುತ್ತಾ ಸೀರೆ ನೇಯುತ್ತಿದ್ದಳು. ಕುಣಿಯಿಂದ ಮೇಲೆ ಬರದೆ ತೋಳನ್ನು ಮಾತ್ರ ಚಾಚಿದಳು.

"ಸೀರಿಗೆ ಹತ್ತಸಬ್ಯಾಡ ನೋಡಪ್ಪಾ. ಕೆಂಪ ಅಂಚು ಸಾವಕಾರ್ರು ಕೇಳಿಲ್ಲ" ಎಂದು ಫಕೀರಪ್ಪನನ್ನು ಛೇಡಿಸಿದಳು. ಅವನು ನಕ್ಕ. ನಾನು ಹದಿನಾರನೇ ಪ್ರಶ್ನೆ ಕೇಳಿದೆ. ಇಲ್ರಿ ಅಂದಳು. ಇಪ್ಪತ್ನಾಲ್ಕಕ್ಕೆ ಹೋದೆ.

ಮಾದರಿಗಳನ್ನು ಐಸ್ ಡಬ್ಬಿಯಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ರೋಣಕ್ಕೆ ಬಂದೆವು. ಮರುದಿನ ಯಂತ್ರಕ್ಕೆ ಹಾಕಿದಾಗ ಆ ಓಣಿಯ ಎಲ್ಲರದ್ದೂ ಎಲ್ಲಿರಬೇಕೋ ಅಲ್ಲೇ ಇತ್ತು. ನೀಲವ್ವನದು ಮಾತ್ರ ಉಳಿದವರ ಮೂರನೇ ಒಂದು ಭಾಗವೂ ಇರಲಿಲ್ಲ. ಅವಳ ಟ್ಯೂಬಿನಲ್ಲಿ ಉಳಿದಿದ್ದ ರಕ್ತವನ್ನು ಇನ್ನೊಮ್ಮೆ ಹಾಕಿದೆ. ಅಷ್ಟೇ ಬಂತು. ಬೆಳವಣಕಿಯ ಪಂಪಿನವರೇ ಆ ವರ್ಷ ಇನ್ನೂ ಕೀಟನಾಶಕದ ಮುಚ್ಚಳ ತೆರೆದಿರಲಿಲ್ಲ, ಮನೆಯೊಳಗೆ ಕೂತು ನೇಯುವವಳಿಗೆ ಎಲ್ಲಿಂದ ಬರಬೇಕು?

ಮುಖ್ಯಸ್ಥರಿಗೆ ಫೋನ್ ಮಾಡಿದೆ. ಅವರು ಕೆಟ್ಟ ಮನುಷ್ಯರಲ್ಲ, ಅವಸರದ ಮನುಷ್ಯರು. "ಕಂಟ್ರೋಲ್ ಗುಂಪಿನಲ್ಲಿ ಇಂಥ ವ್ಯಾಲ್ಯೂ ಬರೋದು ಸಾಧ್ಯವೇ ಇಲ್ಲ. ಬಸ್ಸಿನ ಬಿಸಿಗೆ ಸ್ಯಾಂಪಲ್ ಕೆಟ್ಟಿದೆ. ಔಟ್‌ಲೈಯರ್, ತೆಗೆದುಬಿಡಿ" ಎಂದರು. ಔಟ್‌ಲೈಯರ್ ಅಂದರೆ ಗುಂಪಿಗೆ ಸೇರದೆ ದೂರ ಬಿದ್ದ ಅಂಕಿ. ನಮ್ಮ ಕೆಲಸದಲ್ಲಿ ಆ ಶಬ್ದ ಭಾರಿ ಅನುಕೂಲದ್ದು, ಅದನ್ನು ಹೇಳಿದ ಮೇಲೆ ಯಾರೂ ಮುಂದೆ ಕೇಳುವುದಿಲ್ಲ.

ಕೇಳಿದವನು ಫಕೀರಪ್ಪ ಒಬ್ಬನೇ. "ಮೇಡಂ, ಅದ ಡಬ್ಬಿಯೊಳಗ ಉಳದ ಟ್ಯೂಬ್ ಎಲ್ಲಾ ಚಲೋ ಬಂದಾವಲ್ರಿ. ಇದೊಂದ ಹ್ಯಾಂಗ ಕೆಡತೈತ್ರಿ?"

ಉತ್ತರ ಇಲ್ಲದಾಗ ಹಿರಿಯರು ಏನು ಮಾಡುತ್ತಾರೋ ಅದನ್ನೇ ನಾನೂ ಮಾಡಿದೆ. "ನೀ ರಕ್ತ ತೆಗಿ, ಲೆಕ್ಕ ನಾ ನೋಡ್ಕೊಂತೀನಿ" ಅಂದೆ. ಕಂಪ್ಯೂಟರಿನ ಪಟ್ಟಿಯಿಂದ ಆ ಸಾಲನ್ನು ತೆಗೆದೆ. ಷರಾ ಬರೆಯುವ ಜಾಗದಲ್ಲಿ "ಮಾದರಿ ಕೆಟ್ಟಿದೆ" ಎಂದು ತುಂಬಿದೆ. ಆ ಕೆಲಸಕ್ಕೆ ಒಂದು ನಿಮಿಷ ಹಿಡಿದಿರಲಿಕ್ಕಿಲ್ಲ.

ಮಾಡಬೇಕಾದದ್ದು ಏನು ಎಂದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಮತ್ತೆ ಹೋಗಿ ಹೊಸದಾಗಿ ರಕ್ತ ತೆಗೆಯಬೇಕಿತ್ತು. ಆದರೆ ಒಂದು ಸುತ್ತಿಗೆ ಒಂದೇ ಸಲ ರಕ್ತ ಎಂದು ನಮಗೆ ಒಪ್ಪಿಗೆ ಸಿಕ್ಕಿತ್ತು. ಎರಡನೇ ಸಲಕ್ಕೆ ನೀತಿ ಸಮಿತಿಗೆ ಪತ್ರ ಬರೆಯಬೇಕು, ಕಾರಣ ಕೊಡಬೇಕು, ಕಾಯಬೇಕು. ಮಳೆ ಬಿದ್ದರೆ ಬೆಳವಣಕಿಯವರು ಬಿತ್ತನೆಗೆ ಹೋಗಿ ಕೈಗೆ ಸಿಗುವುದಿಲ್ಲ. ಇವೆಲ್ಲ ಖರೆ ಕಾರಣಗಳೇ. ಒಂದೊಂದನ್ನೂ ಈಗ ತೆಗೆದು ನೋಡಿದರೆ ಒಂದೂ ದೊಡ್ಡದಲ್ಲ.

ಮುಂದಿನ ವಾರ ಆ ಓಣಿಗೆ ಮತ್ತೆ ಹೋದದ್ದು ಬೇರೆ ಕೆಲಸಕ್ಕೆ. ರಕ್ತ ಕೊಟ್ಟವರಿಗೆ ಹಿಮೋಗ್ಲೋಬಿನ್, ಸಕ್ಕರೆ ಎಷ್ಟಿದೆ ಎಂಬ ಚೀಟಿಯನ್ನು ಕೊಡುವುದು ನಮ್ಮ ಪದ್ಧತಿ. ಕಿಣ್ವದ ಅಂಕಿಯನ್ನು ಯಾರಿಗೂ ಹೇಳುತ್ತಿರಲಿಲ್ಲ, ಅದು ಸಂಶೋಧನೆಗೆ ಮಾತ್ರ. ನೀಲವ್ವ ಚೀಟಿಯನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅವಳಿಗೆ ಓದಲು ಬರುತ್ತಿತ್ತು.

"ಅಕ್ಕಾರ, ಇಷ್ಟ ಏನ್ರಿ? ನನ್ನ ರಕ್ತದಾಗ ಮತ್ತೇನರ ಬಂತೇನ್ರಿ? ಯಾಕಂದ್ರ ಸಂಜಿ ಆತಂದ್ರ ಕಣ್ಣ ಮಂಜ ಆಗ್ತಾವು. ಬಾಯಾಗ ಸುಮ್ನ ನೀರ ಬರ್ತೈತಿ. ಎಳಿ ತಪ್ಪಾಕ್ಹತ್ಯಾವ್ರಿ."

ಕಣ್ಣು ಮಂಜು, ಬಾಯಲ್ಲಿ ನೀರು. ಹೊಸಬರಿಗೆ ತರಬೇತಿ ಕೊಡುವಾಗ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಮೊದಲ ಎರಡು ಲಕ್ಷಣಗಳು ಅವೇ. ಬಸ್ಸಿಗೆ ಹೊತ್ತಾಗುತ್ತಿತ್ತು, ಇನ್ನೂ ಆರು ಮನೆ ಉಳಿದಿದ್ದವು, ಆ ಸಾಲನ್ನು ನಾನು ಆಗಲೇ ತೆಗೆದಾಗಿತ್ತು.

"ಏನೂ ಇಲ್ಲವಾ, ಎಲ್ಲಾ ನಾರ್ಮಲ್ ಐತಿ. ವಯಸ್ಸಾತಲ್ಲ, ಕನ್ನಡಕ ತೋರಸ್ಕೋ" ಅಂದೆ.

"ಆತ ಬಿಡ್ರಿ" ಅಂದಳು. ಅವಳ ಮುಖ ಹಗುರಾಯಿತು. ನಮಗೆ ಚಹಾ ಮಾಡಿಕೊಟ್ಟಳು.

ಆಮೇಲೆ ಮೂರು ತಿಂಗಳು ಬೆಳವಣಕಿಯೇ ನನ್ನ ಊರಾಯಿತು. ಆ ಕಡೆ ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ಎಣ್ಣೆ ಎನ್ನುತ್ತಾರೆ. ಎಣ್ಣೆಯನ್ನು ಬರಿಗೈಯಲ್ಲಿ ಕಲಸುವವರು, ನಳಿಗೆಯ ಮೂತಿ ಕಟ್ಟಿದರೆ ಬಾಯಿಟ್ಟು ಊದುವವರು, ಅಂಗಿ ತೋಯ್ದರೂ ಸಂಜೆಯವರೆಗೆ ಅದರಲ್ಲೇ ಇರುವವರು. ನಾನು ಬದುವಿನ ಮೇಲೆ ಕೂತು ಎಲ್ಲವನ್ನೂ ಬರೆದುಕೊಂಡೆ. ಯಾರ ಕೈ ಎಲ್ಲಿ ತಾಗಿತು, ಯಾರು ಕೈ ತೊಳೆಯದೆ ರೊಟ್ಟಿ ತಿಂದರು ಎಂದು ನಿಮಿಷ ನಿಮಿಷಕ್ಕೆ ಟಿಪ್ಪಣಿ ಮಾಡಿದೆ. ನೋಡುವುದರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಗಜೇಂದ್ರಗಡದ ಓಣಿಯಲ್ಲಿ ಮಾತ್ರ ಒಂದು ದಿನವೂ ಹಾಗೆ ಕೂತು ನೋಡಲಿಲ್ಲ. ಅಲ್ಲಿ ನೋಡಲು ಏನೂ ಇಲ್ಲ ಎಂದು ಮೊದಲೇ ತೀರ್ಮಾನಿಸಿದ್ದೆ.

ಅಕ್ಟೋಬರದಲ್ಲಿ ಎರಡನೇ ಸುತ್ತು. ಓಣಿಯ ಎಲ್ಲರೂ ಬಂದು ರಕ್ತ ಕೊಟ್ಟರು, ನೀಲವ್ವ ಬರಲಿಲ್ಲ. ಫಕೀರಪ್ಪ ವಿಚಾರಿಸಿಕೊಂಡು ಬಂದು, "ಆಕಿ ಮಗ್ಗಕ್ಕ ಇಳಿಯೂದ ಬಿಟ್ಟಾಳಂತ್ರಿ. ಕಾಲು ಹೋಗ್ಯಾವಂತ" ಎಂದ. ಇಬ್ಬರೂ ಮನೆಗೆ ಹೋದೆವು.

ಅವಳು ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿ ಏಳಲು ಹೋದಳು. ನೆಲಕ್ಕೆ ಕೈಯೂರಿ, ಗೋಡೆ ಹಿಡಿದು ಎದ್ದಳು. ನಡೆಯುವಾಗ ಮೊಣಕಾಲನ್ನು ಜಾಸ್ತಿ ಎತ್ತಿ ಇಡುತ್ತಿದ್ದಳು, ಪಾದದ ಮುಂಭಾಗ ಮಾತ್ರ ಜೋತು ಬಿದ್ದು ನೆಲಕ್ಕೆ ಬಡಿಯುತ್ತಿತ್ತು. ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿದಿತ್ತು, ಅವಳಿಗೆ ಅದು ಗೊತ್ತಾಗಿರಲಿಲ್ಲ. ನಾನು ಎತ್ತಿ ಕೊಟ್ಟೆ. ಪಾದದ ಮೇಲೆ ಚಿವುಟಿ ಕೇಳಿದೆ. "ಯಾವಾಗ ಮುಟ್ಟಿದ್ರಿ?" ಅಂದಳು.

ಯಾವಾಗಿನಿಂದ ಹೀಗೆ ಎಂದು ಕೇಳಿದ್ದಕ್ಕೆ ಅತ್ತೆಯೇ ಹೇಳಿದರು. "ಶ್ರಾವಣ ಮುಗ್ಯೂ ಹೊತ್ತಿಗೆ ಎರಡ ದಿನ ವಾಂತಿ ಭೇದಿ ಆತ್ರಿ. ಮೈಯೆಲ್ಲಾ ಬೆವತು, ಬಾಯಾಗ ಜೊಲ್ಲ ಸುರೀತಿತ್ತು. ದವಾಖಾನ್ಯಾಗ ಸಲೈನ್ ಹಚ್ಚಿದ್ರು, ಉಂಡದ್ದು ಬಗೀಹರದಿಲ್ಲ ಅಂದ್ರು. ಚಲೋ ಆದ್ಲು, ಮತ್ತ ಮಗ್ಗಕ್ಕ ಕುಂತ್ಲು. ಅದಾಗಿ ಇಪ್ಪತ್ತ ದಿನಕ್ಕ ಅಂಗಾಲ ಜುಮು ಜುಮು ಅನ್ನಾಕ್ಹತ್ತಿದ್ವು. ಈಗ ಹಲಗಿ ತುಳ್ಯಾಕ ಬರೂದಿಲ್ರಿ."

ವಾಂತಿ, ಬೆವರು, ಜೊಲ್ಲು, ಆಮೇಲೆ ಎರಡು ಮೂರು ವಾರ ಏನೂ ಇಲ್ಲ, ಆಮೇಲೆ ಪಾದದಿಂದ ಶುರುವಾಗುವ ಜೋಮು. ಇದನ್ನು ಆರ್ಗನೋಫಾಸ್ಫೇಟಿನ ವಿಳಂಬಿತ ನರದೌರ್ಬಲ್ಯ ಎನ್ನುತ್ತಾರೆ. ವಿಷ ಮೈಯಿಂದ ಹೋದ ಮೇಲೆ ಉದ್ದನೆಯ ನರಗಳು ತುದಿಯಿಂದ ಸಾಯುತ್ತಾ ಬರುತ್ತವೆ. ಓದಿ ತಿಳಿದಿದ್ದೆ, ಕಣ್ಣಾರೆ ನೋಡಿದ್ದು ಅದೇ ಮೊದಲು.

"ನೀಲವ್ವಾ, ನೀ ಕೆಲಸ ಹ್ಯಾಂಗ ಮಾಡತಿದ್ದಿ, ಒಮ್ಮೆ ತೋರಿಸವಾ" ಎಂದೆ. ಈ ಮಾತನ್ನು ಜೂನ್ ತಿಂಗಳಲ್ಲಿ ಕೇಳಬೇಕಿತ್ತು.

ಅವಳು ಕಂಡಿಕೆಯ ಬುಟ್ಟಿ ಎಳೆದುಕೊಂಡಳು. ಒಂದು ಕಂಡಿಕೆಯನ್ನು ಲಾಳಿಯೊಳಗೆ ಕೂರಿಸಿದಳು. ಲಾಳಿಯ ಪಕ್ಕದಲ್ಲಿ ಸಣ್ಣ ತೂತಿರುತ್ತದೆ, ನೂಲಿನ ತುದಿ ಅದರಿಂದ ಹೊರಗೆ ಬರಬೇಕು. ಅವಳು ಲಾಳಿಯನ್ನು ಬಾಯಿಗೆ ಹಿಡಿದು ಆ ತೂತಿಗೆ ತುಟಿ ಹಚ್ಚಿ ಸುರ್ರೆಂದು ಎಳೆದಳು. ನೂಲು ಅವಳ ನಾಲಿಗೆಯ ಮೇಲೆ ಬಂತು. ಅದನ್ನು ಹಲ್ಲಿನಿಂದ ಕಡಿದು ಸರಿಮಾಡಿ, "ಹಿಂಗ್ರಿ" ಅಂದಳು. ಕಂಡಿಕೆ ತೀರಿದಂತೆಲ್ಲ ಹೀಗೆಯೇ ಮಾಡಬೇಕು, ದಿನಕ್ಕೆ ಎಷ್ಟು ಸಲವೋ ಅವಳು ಎಣಿಸಿದವಳಲ್ಲ. ಉದ್ದನೂಲು ಹರಿದರೆ ಬೆರಳಿಗೆ ಉಗುಳು ಹಚ್ಚಿಕೊಂಡು ಹುರಿ ಮಾಡಿ ಜೋಡಿಸುತ್ತಾಳೆ. ಎಲ್ಲ ನೇಕಾರರೂ ಹೀಗೆಯೇ ಮಾಡುತ್ತಾರೆ.

ನಾನು ಲಾಳಿಯನ್ನು ಮೂಸಿದೆ. ಬೆಳವಣಕಿಯ ಹೊಲದ ವಾಸನೆ ಬಂತು.

"ಇದೇನಿದು ವಾಸನಿ?"

"ಎಣ್ಣೀದ್ರಿ" ಎಂದಳು, ಇದನ್ನೇನು ಕೇಳುತ್ತೀರಿ ಎನ್ನುವಂತೆ.

ಗಂಜಿ ಹಾಕಿದ ನೂಲಿಗೆ ಜೊಂಡಿಗ, ಅಂದರೆ ಜಿರಳೆ, ಭಾಳ ಹತ್ತುತ್ತದೆ. ಒಂದು ರಾತ್ರಿಯಲ್ಲಿ ಮಗ್ಗಕ್ಕೆ ಹೂಡಿದ ಉದ್ದನೂಲಿನ ಹಾಸನ್ನೇ ತಿಂದು ಹಾಕುತ್ತದೆ. ಮೊದಲು ಬೇವಿನ ಸೊಪ್ಪು ಇಡುತ್ತಿದ್ದರಂತೆ. ನೀಲವ್ವನ ತಮ್ಮ ಸೋಮಪ್ಪ ಮಗ್ಗ ಬಿಟ್ಟು ಪುರ್ತಗೇರಿಯಲ್ಲಿ ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದು ಹತ್ತಿ ಬೆಳೆಯುತ್ತಿದ್ದ. ಅಕ್ಕನ ನೂಲು ಹಾಳಾಗುವುದನ್ನು ನೋಡಿ, ಹತ್ತಿಗೆ ಹೊಡೆದು ಉಳಿದ ಎಣ್ಣೆಯನ್ನು ಬಾಟಲಿಗೆ ಹಾಕಿ ಕೊಡಲು ಶುರುಮಾಡಿದ್ದ. ಗಂಜಿ ಕುದಿಸಿ ಇಳಿಸಿದ ಮೇಲೆ ಒಂದು ಮುಚ್ಚಳ ಹಾಕಿ ಕಲಸಿ, ಅದರಲ್ಲೇ ನೂಲನ್ನು ಅದ್ದುವುದು. ಉಳಿದ ಮನೆಗಳಲ್ಲಿ ಉದ್ದನೂಲಿಗೆ ಮಾತ್ರ ಗಂಜಿ. ಇವರ ಮನೆಯಲ್ಲಿ ಸೀರೆ ಗಟ್ಟಿ ಬರಲೆಂದು ಅಡ್ಡನೂಲಿಗೂ ತೆಳ್ಳಗೆ ಗಂಜಿ ಹಾಕುವ ರೂಢಿ. ಜೊಂಡಿಗ ಹತ್ತುವುದು ನಿಂತಿತು. ಎರಡು ವರ್ಷದಿಂದ ಹೀಗೆಯೇ ನಡೆದಿತ್ತು.

ಆ ವರ್ಷ ಪಂಚಮಿಗೆ ಸೋಮಪ್ಪ ಅಕ್ಕನನ್ನು ತವರಿಗೆ ಕರೆದುಕೊಂಡು ಹೋದ. ಹಬ್ಬ ಮುಗಿಸಿ ಕಳಿಸುವಾಗ ಎಳ್ಳುಂಡಿ, ಶೇಂಗಾದುಂಡಿಯ ಜೊತೆ ಹೊಸ ಎಣ್ಣೆಯ ಬಾಟಲಿಯನ್ನೂ ಚೀಲದಲ್ಲಿ ಇಟ್ಟ. ಇದು ಹೊಸಾದು, ಜೋರ ಐತಿ ಎಂದಿದ್ದನಂತೆ. ನೀಲವ್ವ ಅಳತೆ ಕಡಿಮೆ ಮಾಡಲಿಲ್ಲ. ಬದಲಿಗೆ, ದೀಪಾವಳಿಯ ಸೀರೆಗಳ ಅವಸರದಲ್ಲಿ ನೂಲು ಜಾಸ್ತಿ ಇತ್ತೆಂದು ಎರಡು ಮುಚ್ಚಳ ಹಾಕಿದ್ದಳು.

ನಾನು ಇದನ್ನೆಲ್ಲ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ನನ್ನ ಅಕ್ಷರ ಎಂದಿನಂತೆ ನೆಟ್ಟಗಿತ್ತು. ಏನಾದರೂ ಅನಿಸಬೇಕಿತ್ತು, ಅನಿಸಲಿಲ್ಲ. "ಈ ಎಣ್ಣಿಯಿಂದಲೇ ಹಿಂಗಾಗಿರೋದು. ಇವತ್ತಿನಿಂದ ಇದನ್ನ ಮುಟ್ಟಬ್ಯಾಡ್ರಿ" ಎಂದು ಹೇಳಿದೆ. ಜೂನ್ ತಿಂಗಳ ಮಾತನ್ನು ಎತ್ತಲಿಲ್ಲ. ಓಣಿಯಲ್ಲಿ ಇನ್ನೆರಡು ಮನೆಗಳು ನೀಲವ್ವನನ್ನು ನೋಡಿ ಬಾಟಲಿ ತರಿಸಿಕೊಂಡಿದ್ದವು, ಇನ್ನೂ ಬಳಸಿರಲಿಲ್ಲ. ಫಕೀರಪ್ಪ ಅವನ್ನು ತೆಗೆದುಕೊಂಡ. ಬಸ್ಸಿನಲ್ಲಿ ಕೂತು ಇಬ್ಬರೂ ಶೇಂಗಾ ತಿಂದೆವು. ರೋಣ ಬರುವವರೆಗೆ ಅವನು ಒಂದು ಮಾತೂ ಆಡಲಿಲ್ಲ. ಅದು ಅವನ ಜನ್ಮದಲ್ಲಿ ಮೊದಲ ಸಲ ಇರಬೇಕು.

ಆ ದಿನ ಫಕೀರಪ್ಪ ತೆಗೆದಿದ್ದ ಅವಳ ಹೊಸ ರಕ್ತವನ್ನು ಯಂತ್ರಕ್ಕೆ ಹಾಕಿದಾಗ ಕಿಣ್ವದ ಮಟ್ಟ ಹೆಚ್ಚುಕಡಿಮೆ ಉಳಿದವರಷ್ಟೇ ಬಂತು. ಮಗ್ಗ ಬಿಟ್ಟು ವಾರಗಳಾಗಿದ್ದವು, ಕಿಣ್ವ ಹೊಸದಾಗಿ ಹುಟ್ಟಿಕೊಂಡಿತ್ತು. ನರ ಹಾಗೆ ಹುಟ್ಟುವುದಿಲ್ಲ. ಅಂದರೆ ನಮ್ಮ ಪಟ್ಟಿಯನ್ನು ಯಾರು ತೆರೆದು ನೋಡಿದರೂ ನೀಲವ್ವ ಆರೋಗ್ಯವಂತ ಕಂಟ್ರೋಲ್. ಅವಳ ಮೈಯಲ್ಲಿ ವಿಷ ಇತ್ತು ಎನ್ನುವುದಕ್ಕೆ ಭೂಮಿಯ ಮೇಲೆ ಇದ್ದ ಸಾಕ್ಷಿ ಒಂದೇ, ನಾನು ತೆಗೆದುಹಾಕಿದ ಆ ಸಾಲು.

ಅವಳನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನರಗಳಲ್ಲಿ ಸಣ್ಣ ವಿದ್ಯುತ್ ಹರಿಸಿ ವೇಗವನ್ನು ಅಳೆದರು. ಕಾಲಿನ ನರಗಳು ಉತ್ತರ ಕೊಡುತ್ತಿರಲಿಲ್ಲ. ಸ್ವಲ್ಪ ಸುಧಾರಿಸಬಹುದು, ಮೊದಲಿನ ಹಾಗೆ ಆಗುವುದು ಕಷ್ಟ, ವ್ಯಾಯಾಮ ಮಾಡಿಸಿ ಎಂದರು ವೈದ್ಯರು. "ಹಲಗಿ ತುಳ್ಯಾಕ ಬರ್ತೈತೇನ್ರಿ?" ಎಂದು ನೀಲವ್ವ ಕೇಳಿದಳು. ಅವರು ನನ್ನ ಮುಖ ನೋಡಿದರು. ಇಲ್ಲ ಎಂದು ಆ ಹೊತ್ತು ನಾನೇ ಹೇಳಿದೆ. ಅಷ್ಟನ್ನಾದರೂ ನೇರವಾಗಿ ಹೇಳಿದೆ.

ಮುಖ್ಯಸ್ಥರಿಗೆ ಫೋನ್ ಮಾಡಿ ಆ ಸಾಲನ್ನು ಮತ್ತೆ ಸೇರಿಸುತ್ತೇನೆ ಎಂದೆ. "ಸೇರಿಸಿದರೆ, ಯಾಕೆ ತೆಗೆದಿರಿ ಎಂದು ಕೇಳುತ್ತಾರೆ" ಎಂದರು.

"ಕೇಳಲಿ ಸರ್."

"ಆ ಹೆಂಗಸಿಗೆ ಮಾತ್ರ ಹೇಳಬೇಡಿ. ಹೇಳಿ ಅವರಿಗೆ ಏನು ಪ್ರಯೋಜನ?"

ಆ ಮಾತಿಗೆ ನಾನು ಹೂಂ ಎಂದುಬಿಟ್ಟೆ. ಅವರ ಒತ್ತಾಯಕ್ಕಲ್ಲ, ನನಗೂ ಅದು ಹಿತವಾಗಿತ್ತು. ಸಾಲನ್ನು ಸೇರಿಸಿದೆ, ಷರಾ ತಿದ್ದಿದೆ, ಹದಿನಾರನೇ ಪ್ರಶ್ನೆಯ ಕೆಳಗಿನ ಸೂಚನೆಯನ್ನು ತೆಗೆದೆ. ಕಾಗದದ ಮೇಲೆ ಎಲ್ಲವೂ ಸರಿಯಾಯಿತು. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ನನ್ನೊಳಗೆ ಎಲ್ಲೋ ಒಂದು ಕಡೆ ಚಿವುಟಿದರೂ ಗೊತ್ತಾಗದ ಹಾಗೆ ಆಗಿದೆ ಎಂದು ಅನಿಸುತ್ತಿತ್ತು, ಆದರೆ ಅದೂ ಒಂದು ಮಾಹಿತಿಯ ಹಾಗೆ ಅನಿಸುತ್ತಿತ್ತು, ಅಷ್ಟೇ.

ದೀಪಾವಳಿ ಮುಗಿದ ವಾರ ಫಕೀರಪ್ಪ ಒಂದು ಸುದ್ದಿ ತಂದ. ಹಬ್ಬದಲ್ಲಿ ಅಕ್ಕನ ತದಿಗೆಯ ದಿನ ತಮ್ಮಂದಿರು ಅಕ್ಕನ ಮನೆಗೆ ಊಟಕ್ಕೆ ಹೋಗುವುದು ಆ ಕಡೆಯ ಪದ್ಧತಿ. ಸೋಮಪ್ಪ ಹೋಗಿದ್ದಾನೆ. ನೀಲವ್ವನ ಅತ್ತೆ ಹೊಸ್ತಿಲು ದಾಟಗೊಟ್ಟಿಲ್ಲ. ಸೊಸೆಯ ಕಾಲು ತಿಂದವನು ಎಂದು ಓಣಿಯ ಮಂದಿಯ ಮುಂದೆ ಅಂದಿದ್ದಾರೆ. ಹಬ್ಬಕ್ಕೆ ಬಂದಿದ್ದ ನೀಲವ್ವನ ಗಂಡ, ಇನ್ನು ಮೇಲೆ ನಮ್ಮ ಮನೆಗೆ ನಿನ್ನ ಸಂಬಂಧ ಹರೀತು ಎಂದಿದ್ದಾನೆ. ಸೋಮಪ್ಪ ತಂದ ಬುತ್ತಿಯನ್ನು ಕಟ್ಟೆಯ ಮೇಲೆ ಇಟ್ಟು ನಡೆದುಕೊಂಡೇ ಪುರ್ತಗೇರಿಗೆ ಹೋದನಂತೆ.

"ಎಲ್ಲಾ ಅವನ ತಲೀ ಮ್ಯಾಲ ಬಿತ್ತ ನೋಡ್ರಿ ಮೇಡಂ" ಎಂದ ಫಕೀರಪ್ಪ. ಟ್ಯೂಬುಗಳಿಗೆ ಚೀಟಿ ಅಂಟಿಸುತ್ತಾ ಕೂತ.

ಮರುದಿನ ಬೆಳಿಗ್ಗೆ ಪುರ್ತಗೇರಿಗೆ ಹೋದೆ. ಸೋಮಪ್ಪ ಹತ್ತಿ ಬಿಡಿಸುತ್ತಿದ್ದ. ಎತ್ತರದ, ಮಾತು ಕಡಿಮೆಯ ಮನುಷ್ಯ. ಅಕ್ಕನ ಮನೆಗೆ ಬಾ ಎಂದರೆ ಬರಲು ಒಪ್ಪಲಿಲ್ಲ. "ಯಾವ ಮಾರಿ ಇಟಗೊಂಡ ಬರ್ಲಿರಿ? ನಾನ ಕೊಟ್ಟೀನಿ, ನನ್ನ ಕೈಲೇ ಚೀಲದಾಗ ಇಟ್ಟೀನಿ" ಎಂದ. ನಿನ್ನ ಬಗ್ಗೆ ಅಲ್ಲ, ನನ್ನ ಬಗ್ಗೆ ಒಂದು ಮಾತು ಹೇಳುವುದಿದೆ, ನೀನು ಎದುರಿಗೆ ಇರಬೇಕು ಎಂದು ಹೇಳಿ ಕರೆತಂದೆ.

ಗಜೇಂದ್ರಗಡದ ಮನೆಯಲ್ಲಿ ಅತ್ತೆ ಅವನನ್ನು ನೋಡಿ ಎದ್ದು ನಿಂತರು. ನಾನು ಇದ್ದುದರಿಂದ ಏನೂ ಅನ್ನಲಿಲ್ಲ. ಸೋಮಪ್ಪ ಒಳಗೆ ಬರದೆ ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತ. ನೀಲವ್ವ ಗೋಡೆಗೆ ಒರಗಿದ್ದಳು. ನಾನು ಚಾಪೆಯ ಮೇಲೆ ಕೂತು ಹೇಳಿದೆ. ಬಸ್ಸಿನಲ್ಲಿ ಎಷ್ಟೋ ಸಲ ವಾಕ್ಯ ಜೋಡಿಸಿಕೊಂಡು ಬಂದಿದ್ದೆ, ಬಾಯಿಗೆ ಬಂದದ್ದು ಬೇರೆ.

"ಜೂನ್ ತಿಂಗಳಾಗ ನಿನ್ನ ರಕ್ತ ತಗೊಂಡ್ನೆಲ್ಲಾ ನೀಲವ್ವಾ, ಅದರಾಗ ವಿಷದ ಗುರುತು ಬಂದಿತ್ತು. ಎರಡ ಸಲ ನೋಡಿದ್ದೆ, ಎರಡೂ ಸಲ ಬಂದಿತ್ತು. ನಾನು ನಂಬಲಿಲ್ಲ. ಕೆಟ್ಟೈತಿ ಅಂತ ಬರದು ತೆಗದಹಾಕಿದೆ. ಆವಾಗ ಇಲ್ಲಿ ಬಂದು ಒಂದ ದಿನ ಕುಂತು ನೋಡಿದ್ರ ಎಣ್ಣಿ ಸಿಗತಿತ್ತು. ಪಂಚಮಿ ಬಾಟ್ಲಿ ಈ ಮನಿಗೆ ಬರ್ತಿರಲಿಲ್ಲ. ನಿನ್ನ ತಮ್ಮಗ ಅದು ವಿಷ ಆಗತೈತಿ ಅಂತ ಗೊತ್ತಿರಲಿಲ್ಲ. ನನಗ ಗೊತ್ತಾಗೂದ ನನ್ನ ಕೆಲಸ ಆಗಿತ್ತು."

ಅತ್ತೆ ಒಮ್ಮೆ ಸೋಮಪ್ಪನನ್ನು, ಒಮ್ಮೆ ನನ್ನನ್ನು ನೋಡಿದರು. ಅವನು ತಲೆ ಎತ್ತಲಿಲ್ಲ, ಭುಜ ಮಾತ್ರ ಅಲುಗುತ್ತಿತ್ತು. ನೀಲವ್ವ ಬಹಳ ಹೊತ್ತು ತನ್ನ ಪಾದಗಳನ್ನೇ ನೋಡುತ್ತಾ ಕೂತಳು. ಬೈದರೆ ಬೈಸಿಕೊಳ್ಳಲು ನಾನು ಸಿದ್ಧಳಾಗಿದ್ದೆ, ಬೈಯಲಿ ಎಂದೇ ಆಸೆಪಟ್ಟೆ.

"ಆವಾಗ ನೀವು ಹೇಳಿದ್ರ ನಾ ಎಣ್ಣಿ ಬಿಡತಿದ್ನೋ ಇಲ್ಲೋ, ಅದೂ ಗೊತ್ತಿಲ್ರಿ ಅಕ್ಕಾರ" ಎಂದಳು. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. "ಆದ್ರ ನಾ ಕೇಳಿದ್ನೆಲ್ರಿ. ಬಾಯಿ ಬಿಟ್ಟು ಕೇಳಿದ್ನಿ."

ನಾನು ಹೌದು ಎಂದೆ. ಆಗ ಅವಳು ಬಾಗಿಲ ಕಡೆ ತಿರುಗಿ, "ಒಳಗ ಬಾರೋ ಸೋಮ್ಯಾ, ಅಲ್ಲ್ಯಾಕ ಕುಂತಿ" ಎಂದಳು. ಅತ್ತೆ ತಡೆಯಲಿಲ್ಲ. ರಾಟಿಯನ್ನು ಪಕ್ಕಕ್ಕೆ ಸರಿಸಿ ಅವನಿಗೆ ಜಾಗ ಮಾಡಿದರು. ನಾನು ಎದ್ದು ಹೊರಗೆ ಬಂದೆ. ಬಸ್ ನಿಲ್ದಾಣದವರೆಗೆ ನಡೆದದ್ದು ನೆನಪಿದೆ. ನಾನು ಅತ್ತಿದ್ದೆನೋ ಇಲ್ಲವೋ ನೆನಪಿಲ್ಲ.

ನೀಲವ್ವ ಈಗ ಕೋಲು ಹಿಡಿದು ನಡೆಯುತ್ತಾಳೆ, ಅತ್ತೆಯ ರಾಟಿಯಲ್ಲಿ ಪಕ್ಕದ ಮನೆಗಳಿಗೆ ಕಂಡಿಕೆ ಸುತ್ತಿಕೊಡುತ್ತಾಳೆ. ನಮ್ಮ ವರದಿಯಲ್ಲಿ ಅವಳ ಎರಡೂ ಅಂಕಿಗಳಿವೆ, ಮೊದಲನೆಯದನ್ನು ಯಾಕೆ ತೆಗೆದಿದ್ದೆವು ಎಂಬ ನಾಲ್ಕು ಸಾಲೂ ಇದೆ. ಮುಖ್ಯಸ್ಥರು ಕೊನೆಗೆ ಅದಕ್ಕೆ ಸಹಿ ಹಾಕಿದರು.

ಜನರನ್ನು ಏನು ಕೇಳಬೇಕು, ಯಾವ ಕ್ರಮದಲ್ಲಿ ಕೇಳಬೇಕು ಎಂದು ತಿಂಗಳುಗಟ್ಟಲೆ ತಿದ್ದಿ ಪ್ರಶ್ನಾವಳಿ ಬರೆಯುವುದನ್ನು ನಾನು ವೃತ್ತಿಯುದ್ದಕ್ಕೂ ಮಾಡಿದೆ. ಅವರು ತಿರುಗಿ ನಮ್ಮನ್ನು ಕೇಳಿದ್ದನ್ನು ಬರೆದುಕೊಳ್ಳಲು ಯಾವ ಫಾರ್ಮಿನಲ್ಲೂ ಜಾಗ ಇರಲಿಲ್ಲ. ನಿವೃತ್ತಿಯವರೆಗಿನ ನನ್ನ ಉಳಿದ ಅಧ್ಯಯನಗಳಲ್ಲಿ ಕೊನೆಯ ಪುಟಕ್ಕೆ ಒಂದು ಖಾನೆ ಸೇರಿಸಿದೆ: "ಇವರು ನಮ್ಮನ್ನು ಏನು ಕೇಳಿದರು? ನಾವು ಏನು ಹೇಳಿದೆವು?" ಕಿರಿಯರು ಮೊದಮೊದಲು ನಕ್ಕರು, ಆಮೇಲೆ ತುಂಬಿಸಿದರು. ಬಹುತೇಕ ಫಾರ್ಮುಗಳಲ್ಲಿ ಅಲ್ಲಿ ಬರುತ್ತಿದ್ದುದು ಒಂದೇ ಪ್ರಶ್ನೆ, ನನ್ನ ರಕ್ತದಾಗ ಏನ್ ಬಂತ್ರಿ ಎಂದು. ಎರಡನೇ ಸಾಲು ಖಾಲಿ ಇದ್ದರೆ ಆ ಫಾರ್ಮಿಗೆ ನಾನು ಸಹಿ ಮಾಡುತ್ತಿರಲಿಲ್ಲ, ಅದನ್ನು ತಂದವರನ್ನು ಬಸ್ಸು ಹತ್ತಿಸಿ ವಾಪಸ್ಸು ಆ ಮನೆಗೆ ಕಳಿಸುತ್ತಿದ್ದೆ.